ಹಳೆಯ ಹಾಯಿದೋಣಿ ಕೊಳ್ಳುವ ಮುಂಚೆ

"1985ರ ದೋಣಿ ಅಂತ್ರೀ, ಹಳೇ ಕಾರಿನ ರೊಕ್ಕಕ್ಕ ಸಿಗಾಕತ್ತೈತಿ. ತೊಗೊಳ್ಳೇನ್ರಿ ಅಣ್ಣಾರ?"

ಬಾಗಲಕೋಟೆ, ವಿಜಯಪುರದ ಕಡೆಯಿಂದ ಟೊರೊಂಟೊಗೆ ಬಂದ ಹುಡುಗರು ಒಂದೆರಡು ಬೇಸಿಗೆ ಕಳೆದ ಮೇಲೆ ನನ್ನನ್ನು ಹೀಗೆ ಕೇಳುತ್ತಾರೆ. ಈಗ ರಜೆಗೆ ಬಾಗಲಕೋಟೆಯಲ್ಲಿದ್ದೇನೆ, ಕೂತು ಬರೆಯಲು ಪುರುಸೊತ್ತಿದೆ.

ಬರೀ ಇಸವಿ ನೋಡಬೇಡಿ. ಸಂತೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡಿ ಸುಮ್ಮನಾಗುವುದಿಲ್ಲ. ನಡೆಸಿ ನೋಡುತ್ತಾರೆ, ಯಾರ ಮನೆಯಲ್ಲಿ ಮೇಯ್ದದ್ದು ಅಂತ ವಿಚಾರಿಸುತ್ತಾರೆ. ದೋಣಿಗೂ ಅಷ್ಟೇ. ಯಾವ ನೀರಲ್ಲಿತ್ತು, ಯಾರ ಕೈಯಲ್ಲಿತ್ತು ಅಂತ ಕೇಳಿ.

ಟೊರೊಂಟೊ ಇರುವುದು ಒಂಟಾರಿಯೊ ಸರೋವರದ ದಂಡೆಯಲ್ಲಿ, ಅದರದ್ದು ಸಿಹಿನೀರು. ದೋಣಿಗಳು ಐದಾರು ತಿಂಗಳು ಮಾತ್ರ ನೀರಲ್ಲಿರುತ್ತವೆ. ಅಕ್ಟೋಬರ್ ಹೊತ್ತಿಗೆ ಕ್ರೇನ್‌ನಿಂದ ಎತ್ತಿ ದಡಕ್ಕೆ ಇಡುತ್ತಾರೆ. ಫ್ಲೋರಿಡಾದ ದೋಣಿ ವರ್ಷವಿಡೀ ಉಪ್ಪುನೀರು, ಸುಡು ಬಿಸಿಲಲ್ಲೇ ಇರುತ್ತದೆ. ಮಾಸ್ಟ್, ಅಂದರೆ ಹಾಯಿಕಂಬವನ್ನು ಎಳೆದು ಹಿಡಿದ ಸ್ಟೇನ್‌ಲೆಸ್ ತಂತಿಗಳು ಅಲ್ಲಿ ಬೇಗ ಹಾಳಾಗುತ್ತವೆ. ಗಾಳಿ ಆಡದ ಸಂದಿಯಲ್ಲಿ ಉಪ್ಪು ಕೂತರೆ ಸ್ಟೇನ್‌ಲೆಸ್ಸೂ ತುಕ್ಕು ಹಿಡಿಯುತ್ತದೆ. ತಂತಿಯ ಬುಡದಲ್ಲಿ ಒಂದು ಎಳೆ ಮುರಿದಿದ್ದರೂ ಆ ತಂತಿ ಬದಲಿಸಲೇಬೇಕು.

ಹಾಗಂತ ಸಿಹಿನೀರನ್ನು ಪೂರ್ತಿ ನಂಬಬೇಡಿ. ಫೈಬರ್‌ಗ್ಲಾಸ್ ತಳದಲ್ಲಿ ಗುಳ್ಳೆ ಏಳುವುದು ಸಮುದ್ರಕ್ಕಿಂತ ಸಿಹಿನೀರಲ್ಲೇ ಬೇಗ. ನೀರು ಹೊರಪದರ ದಾಟಿ ಒಳಗೆ ಜಿನುಗುತ್ತದೆ, ರಾಳದ ಜೊತೆ ಸೇರಿ ಒತ್ತಡ ಹುಟ್ಟಿಸುತ್ತದೆ. ಗುಳ್ಳೆ ಒಡೆದರೆ ವಿನೆಗರ್ ಥರ ಹುಳಿ ವಾಸನೆ. ನೀರು ಬೆಚ್ಚಗಿದ್ದಷ್ಟೂ ಇದು ಜಾಸ್ತಿ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಡೆಕ್ಕಿನದು, ಅಂದರೆ ನಾವು ಓಡಾಡುವ ಮೇಲ್ಹಾಸಿನದು. ಎಷ್ಟೋ ದೋಣಿಗಳಲ್ಲಿ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರ ಇರುತ್ತದೆ. ನೀರು ತಡೆಯಲು ಬೋಲ್ಟ್ ಸುತ್ತ ತುಂಬಿದ ಸೀಲಂಟ್ ಒಣಗಿದರೆ ನೀರು ಇಳಿದು ಆ ಮರ ಕೊಳೆಯುತ್ತದೆ. ಚಳಿಗಾಲದಲ್ಲಿ ಆ ನೀರೇ ಹೆಪ್ಪುಗಟ್ಟಿ ಸುಮಾರು 9 ಶೇಕಡಾ ಹಿಗ್ಗಿ ಪದರಗಳನ್ನು ಬಿಡಿಸುತ್ತದೆ. ಮೇಲಿಂದ ಏನೂ ಕಾಣುವುದಿಲ್ಲ. ಗಡಿಗೆ ಕೊಳ್ಳುವಾಗ ಬಾರಿಸಿ ನೋಡುತ್ತೇವಲ್ವಾ, ಹಾಗೆ ಸ್ಕ್ರೂಡ್ರೈವರ್ ಹಿಡಿಯಿಂದ ಗೇಣು ಗೇಣಿಗೂ ಬಾರಿಸಿ. ಟಕ್ ಅಂದರೆ ಗಟ್ಟಿ. ದಬ್ ಅಂದರೆ ಒಳಗೆ ಕೊಳೆತಿರಬಹುದು.

ಹಾಯಿಗೆ ಬಿಸಿಲೇ ಶತ್ರು. ಬಟ್ಟೆಗಿಂತ ಮೊದಲು ಹೊಲಿಗೆ ಸಾಯುತ್ತದೆ. ದಾರವನ್ನು ಉಗುರಿನಿಂದ ಕೆರೆಯಿರಿ, ಕಿತ್ತು ಬಂದರೆ ಮರುಹೊಲಿಗೆಯ ಖರ್ಚು ಲೆಕ್ಕಕ್ಕೆ ಹಿಡಿಯಿರಿ.

ಮೊನ್ನೆ ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಒಬ್ಬ ಕಾಕಾ ಹರಿಗೋಲು ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದರು. ಬಿರುಕು ಕಂಡಲ್ಲೆಲ್ಲ ಹೆಬ್ಬೆರಳಿನಿಂದ ಒತ್ತಿ ತುಂಬುತ್ತಿದ್ದರು. ಆಗಾಗ ಹಚ್ಚಬೇಕೇನ್ರಿ ಅಂತ ಕೇಳಿದೆ. "ಹಚ್ಚಲಿಲ್ಲಂದ್ರ ಹೆಂಗ ತಮ್ಮಾ, ಬಿಸಲಿಗೆ ಸೀಳತೈತಿ" ಅಂದರು. ಆ ಹೆಬ್ಬೆರಳು ನೋಡಿ ನನ್ನ ಮೊದಲ ಚಳಿಗಾಲ ನೆನಪಾಗಿ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಎಂಜಿನ್‌ಗೆ ಹೊರಗಿನ ನೀರು ಸೋಸುವ ಬಟ್ಟಲನ್ನು ಖಾಲಿ ಮಾಡುವುದು ಮರೆತಿದ್ದೆ. ವಸಂತದಲ್ಲಿ ನೋಡಿದರೆ ಉದ್ದಕ್ಕೆ ಸೀಳಿತ್ತು. ಖಾಲಿ ಮಾಡುವುದು ಹತ್ತು ನಿಮಿಷದ ಕೆಲಸ. ಅಲ್ಲಿಂದ ಈಚೆಗೆ ನೀರೆಲ್ಲ ಬಸಿದು, ಪೈಪುಗಳಿಗೆ ಹೆಪ್ಪುಗಟ್ಟದಂತೆ ಕಾಯುವ ಗುಲಾಬಿ ಬಣ್ಣದ ಆಂಟಿಫ್ರೀಜ್ ದ್ರವ ಓಡಿಸದೆ ದೋಣಿಗೆ ತಾಡಪಾಲು ಮುಚ್ಚುವುದಿಲ್ಲ. ತಾಡಪಾಲಿನ ಎರಡೂ ತುದಿಯಲ್ಲಿ ಗಾಳಿ ಆಡಲು ಸಂದಿ ಬಿಡಿ, ಇಲ್ಲದಿದ್ದರೆ ಒಳಗೆಲ್ಲ ಬೂಷ್ಟು.

ಮಾರುವವರ ಹತ್ತಿರ ರಿಪೇರಿ ಬರೆದಿಟ್ಟ ನೋಟ್‌ಬುಕ್, ರಸೀದಿ ಕೇಳಿ. ದೋಣಿ ಪರೀಕ್ಷೆ ಮಾಡುವ ಸರ್ವೇಯರ್ ಕರೆಸಿ ತೋರಿಸದೆ ಪೂರ್ತಿ ಹಣ ಕೊಡಬೇಡಿ. ಏಪ್ರಿಲ್ ಕೊನೆಗೆ ನಾನು ತಳಕ್ಕೆ ಬಣ್ಣ ಬಳಿಯಲು ದಡದಲ್ಲೇ ಇರುತ್ತೇನೆ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಬ್ರಷ್ ನಾನು ಕೊಡುತ್ತೇನೆ.