ಡಿಸ್ಕೊ ಎಲಿಸಿಯಮ್ ಮತ್ತು ನಾನು: ಬಿಟ್ಟ ಗೇಮಿಂಗ್ ಮತ್ತೆ ಹಿಡಿದಿದ್ದು

"ವಯಸ್ಸಾಯ್ತು ಮಾರಾಯ, ಈಗ ಗೇಮ್ ಆಡಲಿಕ್ಕೆ ಪುರುಸೊತ್ತೆಲ್ಲಿ?" ಎಂದು ಕೆಲವು ವರ್ಷ ಹೇಳಿಕೊಂಡು ತಿರುಗಿದ್ದೇನೆ. ಅದು ಬರೀ ನೆಪ. ಊಟವಾದಮೇಲೆ ಹನ್ನೊಂದರ ತನಕ ಮೊಬೈಲ್ ತಿಕ್ಕುತ್ತಾ ಕೂರಲು ಪುರುಸೊತ್ತು ಇತ್ತಲ್ಲ! ಬೇಜಾರು ಬಂದಿದ್ದು ಬೇರೆ ಕಾರಣಕ್ಕೆ. ನನ್ನದು ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಹಗಲಿಡೀ ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು ಅಂತ ತೂಕ ಮತ್ತು ದರ ತಾಳೆ ನೋಡಬೇಕು, ಟೆಂಡರ್ ಆದಮೇಲೆ ಪಟ್ಟಿ ಮಾಡಬೇಕು. ಮನೆಗೆ ಬಂದು ಮೊಬೈಲಿನ ಶೂಟಿಂಗ್ ಗೇಮ್ ತೆರೆದರೆ ಅಲ್ಲೂ ಅದೇ ಕತೆ. ಇವತ್ತಿನ ಮಿಷನ್ ಇಷ್ಟು ಬಾಕಿ, ಸೀಸನ್ ಮುಗಿಯಲು ಇಷ್ಟು ದಿನ, ಇವತ್ತು ಲಾಗಿನ್ ಆಗದಿದ್ದರೆ ಬಹುಮಾನ ಖೋತಾ. ಒಂದು ಲೆಕ್ಕ ಮುಗಿಸಿ ಬಂದವ ಇನ್ನೊಂದು ಲೆಕ್ಕಕ್ಕೆ ಎಷ್ಟು ದಿನ ಕೂತಾನು?

ಹಾಗಂತ ನಾನು ಗೇಮಿಂಗಿಗೆ ಹೊಸಬನಲ್ಲ. ಶಾಲೆಯ ದಿನಗಳಲ್ಲಿ ಪೇಟೆಯ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ರೋಡ್ ರ‍್ಯಾಶ್, ವೈಸ್ ಸಿಟಿ, ಕೌಂಟರ್ ಸ್ಟ್ರೈಕ್ ಎಲ್ಲ ಆಡಿದವ. ಆಗ ಮನೆಗೆ ಹೋಗುವ ಕಡೇ ಬಸ್ಸು ತಪ್ಪಿದರೂ ಚಿಂತೆ ಇರಲಿಲ್ಲ.

ನನ್ನನ್ನು ಮತ್ತೆ ಕೂರಿಸಿದ್ದು ಡಿಸ್ಕೊ ಎಲಿಸಿಯಮ್. ಎಸ್ಟೋನಿಯಾದಲ್ಲಿ ಹುಟ್ಟಿದ ಜೆಡ್‌ಎ/ಯುಎಂ ಎಂಬ ಸಣ್ಣ ಸ್ಟುಡಿಯೋ 2019ರ ಅಕ್ಟೋಬರಿನಲ್ಲಿ ಬಿಡುಗಡೆ ಮಾಡಿದ ರೋಲ್ ಪ್ಲೇಯಿಂಗ್ ಗೇಮ್ ಅದು, ಅಂದರೆ ನಾವೇ ಒಂದು ಪಾತ್ರವಾಗಿ ಆಡುವಂಥದ್ದು. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ನಾಲ್ಕು ಪ್ರಶಸ್ತಿ ಬಂತು. 2021ರಲ್ಲಿ ಎಲ್ಲ ಸಂಭಾಷಣೆಗೂ ಧ್ವನಿ ಕೊಟ್ಟು 'ಫೈನಲ್ ಕಟ್' ತಂದರು, ಈಗ ಸಿಗುವುದು ಅದೇ. ನಾನು ಅದನ್ನು ಆರಿಸಿದ್ದು ಪ್ರಶಸ್ತಿ ನೋಡಿ ಅಲ್ಲ. ಬೆಂಗಳೂರಿನ ಅಣ್ಣ ಹೊಸದು ತಗೊಂಡು ನನಗೆ ದಾಟಿಸಿದ ಹಳೇ ಲ್ಯಾಪ್‌ಟಾಪಿನಲ್ಲಿ ದೊಡ್ಡ ಗೇಮ್ ಯಾವುದೂ ಓಡುತ್ತಿರಲಿಲ್ಲ. ಇದು ಸೆಟ್ಟಿಂಗ್ ತಗ್ಗಿಸಿದರೆ ಓಡಿತು. ಡಿಸ್ಕಿನಲ್ಲಿ ಬೇಕಾದ ಜಾಗ ಸುಮಾರು 20 ಜಿಬಿ. ಮಳೆಗಾಲದ ನಮ್ಮೂರಿನ ನೆಟ್‌ವರ್ಕಿಗೆ ಅದೇ ಹೊರೆ. ಆದರೆ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಲೈನ್ ಹೋದರೂ ಡೌನ್‌ಲೋಡ್ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಒಮ್ಮೆ ಇಳಿಸಿಕೊಂಡರೆ ಆಫ್‌ಲೈನ್ ಮೋಡಿನಲ್ಲಿ ಆಡಬಹುದು. ಮಲೆನಾಡಿನಲ್ಲಿರುವವರು ಗೇಮ್ ತಗೊಳ್ಳುವಾಗ ಮೊದಲು ನೋಡಬೇಕಾದ್ದೇ ಇದು ಎಂಬುದು ನನ್ನ ಅಭಿಪ್ರಾಯ.

ಕತೆ ಶುರುವಾಗುವುದು ಬಂದರು ಪಕ್ಕದ ಒಂದು ಹಾಸ್ಟೆಲಿನ ಕೋಣೆಯಲ್ಲಿ. ಕುಡಿದು ಕುಡಿದು ತನ್ನ ಹೆಸರನ್ನೂ ಮರೆತ ಪೊಲೀಸ್ ಪತ್ತೇದಾರ ನೆಲದ ಮೇಲೆ ಬಿದ್ದಿದ್ದಾನೆ. ಕಿಟಕಿ ಗಾಜು ಒಡೆದಿದೆ, ಒಂದು ಬೂಟು ಕಾಣೆ, ಟೈ ಮೇಲಿನ ಫ್ಯಾನಿಗೆ ಸಿಕ್ಕಿಕೊಂಡು ತಿರುಗುತ್ತಿದೆ. ಹಿತ್ತಿಲಿನ ಮರದಲ್ಲಿ ವಾರದಿಂದ ಒಂದು ಹೆಣ ನೇತಾಡುತ್ತಿದೆ, ಅದರ ತನಿಖೆಗೆಂದೇ ಇವನನ್ನು ಕಳಿಸಿದ್ದು. ಪುಣ್ಯಾತ್ಮನ ಹತ್ತಿರ ಬ್ಯಾಡ್ಜೂ ಇಲ್ಲ, ಪಿಸ್ತೂಲೂ ಇಲ್ಲ.

ನಾನು ಪಾತ್ರ ಕಟ್ಟುವಾಗ ಬುದ್ಧಿಗೆ, ಮನಸ್ಸಿಗೆ ಅಂಕ ಸುರಿದು ದೇಹಕ್ಕೆ ತೀರಾ ಕಮ್ಮಿ ಇಟ್ಟಿದ್ದೆ. ಮೊದಲ ಕೋಣೆಯಲ್ಲೇ ಫ್ಯಾನಿನಿಂದ ಟೈ ಎಳೆಯಲು ಹೋದ. ಇಲ್ಲಿ ಇಂಥದ್ದನ್ನೆಲ್ಲ ತೀರ್ಮಾನಿಸುವುದು ದಾಳ, ಅದು ಕೈಕೊಟ್ಟಿತು. ಎದೆ ನಿಂತು ಸತ್ತೇ ಹೋದ! ಆಟ ಶುರುವಾಗಿ ಐದು ನಿಮಿಷ ಆಗಿರಲಿಲ್ಲ. ಟೈ ತೆಗೆಯಲು ಹೋಗಿ ಸಾಯುವ ಹೀರೋನನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಒಬ್ಬನೇ ಕೂತು ಜೋರಾಗಿ ನಕ್ಕೆ. ಗೇಮ್ ಆಡುತ್ತಾ ನಗದೆ ಎಷ್ಟು ಕಾಲವಾಗಿತ್ತೋ.

ಇದರಲ್ಲಿ ಹೊಡೆದಾಟ ಅಂತ ಬೇರೆ ವ್ಯವಸ್ಥೆಯೇ ಇಲ್ಲ. ಇರುವುದೆಲ್ಲ ಮಾತು. ಬಲಗಡೆ ಉದ್ದಕ್ಕೆ ಸಂಭಾಷಣೆ ಇಳಿಯುತ್ತಾ ಹೋಗುತ್ತದೆ, ನಾವು ಉತ್ತರ ಆರಿಸಬೇಕು. ನಡುವೆ ನಮ್ಮ ಪತ್ತೇದಾರನ ತಲೆಯೊಳಗಿನ 24 ಕೌಶಲಗಳು ಬಾಯಿ ಹಾಕುತ್ತವೆ. ಲಾಜಿಕ್ ಎಂಬುದು ಎದುರಿನವನ ಮಾತಿನ ತಪ್ಪು ಹುಡುಕುತ್ತದೆ. ಎನ್‌ಸೈಕ್ಲೊಪೀಡಿಯಾ ಯಾರಿಗೂ ಬೇಡದ ಮಾಹಿತಿ ಒದರುತ್ತದೆ. ಡ್ರಾಮಾ ಎಂಬುದು ರಾಜನ ಆಸ್ಥಾನದ ಭಾಷೆಯಲ್ಲಿ 'ಪ್ರಭೂ, ಇವನು ಸುಳ್ಳು ಹೇಳುತ್ತಿದ್ದಾನೆ' ಎನ್ನುವ ಧಾಟಿಯಲ್ಲಿ ಕಿವಿ ಊದುತ್ತದೆ. ಅಥಾರಿಟಿಗೆ ಸದಾ ತನಗೆ ಮರ್ಯಾದೆ ಸಿಗಲಿಲ್ಲ ಎಂಬ ಕೊರಗು. ಇವೆಲ್ಲ ಸರಿಯಾದ ಸಲಹೆಯನ್ನೇ ಕೊಡುತ್ತವೆ ಅಂತಿಲ್ಲ. ಯಾವುದಕ್ಕೆ ಹೆಚ್ಚು ಅಂಕ ಕೊಟ್ಟಿರುತ್ತೇವೋ ಅದರ ಕಾರುಬಾರು ಜಾಸ್ತಿ, ಅದು ದಾರಿ ತಪ್ಪಿಸುವುದೂ ಉಂಟು.

ಈ ಆಟ ನನಗೆ ಗಂಟುಬಿದ್ದ ಜಾಗ ಹಾಸ್ಟೆಲಿನ ಕೆಳಗಿನ ಕ್ಯಾಂಟೀನು. ಅಲ್ಲಿನ ಮ್ಯಾನೇಜರ್ ಗಾರ್ಟ್ ಕಿಟಕಿ ಒಡೆದದ್ದು, ಕೋಣೆ ಬಾಡಿಗೆ ಎಲ್ಲ ಸೇರಿಸಿ 130 ರಿಯಾಲ್ ಕೇಳುತ್ತಾನೆ. ರಿಯಾಲ್ ಅಂದರೆ ಆ ಲೋಕದ ದುಡ್ಡು. ಕಿಸೆಯಲ್ಲಿ ಕಾಸಿಲ್ಲ. ಆಗ ಒಂದು ಆಯ್ಕೆ ಬರುತ್ತದೆ, ಕೊಡದೆ ಪರಾರಿಯಾಗುವುದು. ಆರಿಸಿದೆ. ಎರಡು ದಾಳ ಬೀಳುತ್ತವೆ, ಅದಕ್ಕೆ ಕೌಶಲದ ಅಂಕ ಕೂಡಿ ಗುರಿ ಮುಟ್ಟಿದರೆ ಗೆಲುವು. ನನಗೆ ಸೋಲು. ಬೇರೆ ಗೇಮ್ ಆಗಿದ್ದರೆ 'ಆಗಲಿಲ್ಲ' ಅಂತ ಒಂದು ಸಾಲು ಬಂದು ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ನಮ್ಮ ಮಹಾಶಯ ಓಡುತ್ತಾ, ಗಾಳಿಯಲ್ಲಿ ಹಿಂದಕ್ಕೆ ತಿರುಗಿ, ಎರಡೂ ಕೈಯ ಬೆರಳು ತೋರಿಸಿ ಗಾರ್ಟ್‌ನನ್ನು ಅಣಕಿಸಲು ಹೋಗಿ, ಗಾಲಿಕುರ್ಚಿಯಲ್ಲಿ ಕೂತಿದ್ದ ಪಾಪದ ಅಜ್ಜಿಯೊಬ್ಬಳ ಮೇಲೆ ಹೋಗಿ ಬೀಳುತ್ತಾನೆ. ಬರೆದವರು ಗೆಲುವಿಗಿಂತ ಸೋಲಿಗೆ ಹೆಚ್ಚು ಮುತುವರ್ಜಿ ವಹಿಸಿದ್ದಾರೆ ಅಂತ ಆಗಲೇ ಗೊತ್ತಾಯಿತು. ಅವತ್ತಿನಿಂದ ದಾಳ ಬೀಳುವಾಗ ನನಗೆ ಹೆದರಿಕೆಯ ಬದಲು ಕುತೂಹಲ. ಸೋತರೆ ಏನು ಬರೆದಿಟ್ಟಿದ್ದಾರಪ್ಪ?

ನಮ್ಮ ಚಿಕ್ಕಪ್ಪ ಮಳೆಗಾಲದಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ಅಂದರೆ ಹಾಡಿದ ಪದ್ಯಕ್ಕೆ ತಕ್ಕಂತೆ ಪಾತ್ರವಾಗಿ ಮಾತು ಕಟ್ಟುವವರು. ಅವರಿಗೆ ಕಂಪ್ಯೂಟರ್ ಆಟವೆಂದರೆ ಬಂದೂಕಿನ ಸದ್ದು ಅಂತಲೇ ಲೆಕ್ಕ. ಒಂದು ಸಂಜೆ ಬಂದವರು ನನ್ನ ಹಿಂದೆ ನಿಂತು ನೋಡಿ, "ತಮಾ, ಇದ್ರಲ್ಲಿ ಹೊಡೆದಾಟನೇ ಇಲ್ಲೆ ಅಲ್ದ?" ಎಂದರು. "ಇಲ್ಲ ಚಿಕ್ಕಪ್ಪ, ಬರೀ ಮಾತು" ಎಂದೆ. ಕುರ್ಚಿ ಎಳೆದು ಕೂತರು. ಆಮೇಲೆ ನಾನು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುವುದು, ಏನು ಉತ್ತರ ಕೊಡಬೇಕೆಂದು ಅವರು ಹೇಳುವುದು ಅಂತಾಯಿತು. ಅವರು ಕೂತ ಮೇಲೆಯೇ ನನಗೂ ಈ ಆಟದ ಮರ್ಮ ಹೊಳೆದಿದ್ದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಬದಲಾಗುವುದಿಲ್ಲ. ಕೃಷ್ಣ ಸಂಧಾನಕ್ಕೆ ಬಂದರೆ ಸಂಧಾನ ಮುರಿಯಲೇಬೇಕು, ಎಲ್ಲರಿಗೂ ಗೊತ್ತು. ಆದರೂ ಜನ ರಾತ್ರಿ ನಿದ್ದೆಗೆಟ್ಟು ಕೂರುವುದು ಇವತ್ತಿನ ಕೌರವ ಯಾವ ವಾದ ಹಿಡಿಯುತ್ತಾನೆ, ಕೃಷ್ಣ ಅದನ್ನು ಹೇಗೆ ಬಿಡಿಸುತ್ತಾನೆ ಅಂತ ಕೇಳಲು. ಡಿಸ್ಕೊ ಎಲಿಸಿಯಮ್‌ನಲ್ಲೂ ಕೊಲೆಗಾರ ಯಾರೆಂಬುದು ಮೊದಲೇ ತೀರ್ಮಾನವಾಗಿದೆ. ಅಲ್ಲಿಗೆ ಹೋಗುವ ಪತ್ತೇದಾರ ಎಂಥವನು, ಅಳುಬುರುಕನೋ ಜಂಬಗಾರನೋ, ಅದು ಮಾತ್ರ ನಮ್ಮ ಅರ್ಥಗಾರಿಕೆ.

ಚಿಕ್ಕಪ್ಪನಿಗೆ ಬಹಳ ಹಿಡಿಸಿದ್ದು ಕಿಮ್ ಕಿತ್ಸುರಾಗಿ. ಬೇರೆ ಠಾಣೆಯಿಂದ ಬಂದ ಲೆಫ್ಟಿನೆಂಟ್, ಕಿತ್ತಳೆ ಬಣ್ಣದ ಜಾಕೆಟ್, ಕೈಯಲ್ಲಿ ನೋಟ್‌ಬುಕ್. ನಾವು ಎಂಥ ಹುಚ್ಚಾಟ ಮಾಡಿದರೂ ಅವನು ಹೆಚ್ಚು ಮಾತಾಡುವುದಿಲ್ಲ. ಹುಬ್ಬು ಏರಿಸುತ್ತಾನೆ, ಬರೆದುಕೊಳ್ಳುತ್ತಾನೆ, ಅಪರೂಪಕ್ಕೊಮ್ಮೆ ಮೆಚ್ಚುತ್ತಾನೆ. "ಇವ ಒಳ್ಳೇ ಅರ್ಥಧಾರಿ. ತಾನು ಕಮ್ಮಿ ಹೇಳ್ತ, ಎದುರಿನವನ ಹತ್ರ ಹೇಳಿಸ್ತ" ಎಂದು ಚಿಕ್ಕಪ್ಪ ತೀರ್ಪು ಕೊಟ್ಟರು. ಸರಿಯಾಗೇ ಹೇಳಿದರು. ಅಂಕಕ್ಕಾಗಿ, ಬಹುಮಾನಕ್ಕಾಗಿ ಅಲ್ಲ, ಒಬ್ಬ ಕಲ್ಪನೆಯ ಮನುಷ್ಯ ನನ್ನ ಬಗ್ಗೆ ಏನೆಂದುಕೊಂಡಾನು ಎಂದು ಯೋಚಿಸಿ ಉತ್ತರ ಆರಿಸಿದ್ದು ನನಗೆ ಇದೇ ಮೊದಲು.

ಹೆಣಕ್ಕೆ ಕಲ್ಲು ಹೊಡೆಯುತ್ತಾ ಬಾಯಿಗೆ ಬಂದಂತೆ ಬೈಯುವ ಕೂನೊ ಎಂಬ ಹುಡುಗನ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಜಗಳ. ಅವನಿಗೊಂದು ಬಿಗಿಯಲು ಆಟ ಅವಕಾಶ ಕೊಡುತ್ತದೆ. ಚಿಕ್ಕಪ್ಪ ಬಿಗಿ ಎಂದರು. ಕಿಮ್ ಎದುರಿಗಿದ್ದಾನೆ, ಬೇಡ ಎಂದೆ ನಾನು.

ಆಡುವ ಕ್ರಮದ ಬಗ್ಗೆ ಒಂದಿಷ್ಟು ಹೇಳಬೇಕು, ಏಕೆಂದರೆ ಗೇಮ್ ಎಷ್ಟು ಚೆನ್ನಾಗಿದ್ದರೂ ಹಳೇ ಚಾಳಿಯಲ್ಲೇ ಆಡಿದರೆ ಮತ್ತೆ ಬೇಜಾರೇ. ನಾನು ಯೂಟ್ಯೂಬಿನ ಗೈಡ್ ನೋಡಲಿಲ್ಲ. ದಾಳ ಸೋತಾಗ ಹಿಂದಿನ ಸೇವ್‌ಗೆ ಹೋಗಿ ಗೆಲ್ಲುವ ತನಕ ಉರುಳಿಸುವ ಅಭ್ಯಾಸ ಬಿಟ್ಟೆ. ಮೇಲೆ ಹೇಳಿದ ಸಾವಿನಂಥದ್ದಾದರೆ ಬೇರೆ ಮಾತು, ಅಲ್ಲಿ ವಿಧಿಯಿಲ್ಲ. ಒಂದು ರಾತ್ರಿಗೆ ಒಬ್ಬರೊಂದಿಗೆ ಮಾತು ಅಂತ ಇಟ್ಟುಕೊಂಡೆ. ಸಂಭಾಷಣೆ ಮುಗಿದಲ್ಲಿ ಸೇವ್ ಮಾಡಿ ಏಳುವುದು. ಇದಕ್ಕೆ ಆಟದ ಗಡಿಯಾರವೂ ಒದಗುತ್ತದೆ. ಇಲ್ಲಿ ಹೊತ್ತು ಸರಿಯುವುದು ಮಾತಾಡುವಾಗ, ಓದುವಾಗ ಮಾತ್ರ. ಊರು ಸುತ್ತಿದರೆ ಒಂದು ನಿಮಿಷವೂ ಖರ್ಚಾಗುವುದಿಲ್ಲ. ಹಾಗಾಗಿ ಅವಸರವಿಲ್ಲದೆ ಕತೆ ನಡೆಯುವ ಮಾರ್ಟಿನೇಜ್ ಎಂಬ ಪೇಟೆಯ ಬೀದಿಗಳಲ್ಲಿ ಅಡ್ಡಾಡಿದೆ. ಎಣ್ಣೆಬಣ್ಣದ ಚಿತ್ರಗಳ ಹಾಗೆ ಬಿಡಿಸಿದ ಬೀದಿಗಳವು, ನೋಡಿದಷ್ಟೂ ಏನೋ ಸಿಗುತ್ತದೆ.

ಕೌಶಲದ ಅಂಕ ಬಂದ ಕೂಡಲೇ ಹಾಕಬೇಡಿ, ಒಂದನ್ನು ಕೈಯಲ್ಲಿ ಇಟ್ಟುಕೊಳ್ಳಿ. ದಾಳದ ಪರೀಕ್ಷೆಗಳಲ್ಲಿ ಬಿಳಿ ಬಣ್ಣದ್ದು ಸೋತರೆ ಅದಕ್ಕೆ ಬೀಗ ಬೀಳುತ್ತದೆ, ಆ ಕೌಶಲಕ್ಕೆ ಇನ್ನೊಂದು ಅಂಕ ಹಾಕಿದರೆ ಬೀಗ ತೆರೆಯುತ್ತದೆ. ಕೆಂಪು ಬಣ್ಣದ್ದಾದರೆ ಒಂದೇ ಅವಕಾಶ, ಬಿದ್ದದ್ದನ್ನು ಉಣ್ಣಬೇಕು. ಎರಡೂ ದಾಳದಲ್ಲಿ ಆರು ಬಿದ್ದರೆ ಎಂಥ ಕಷ್ಟದ್ದೂ ಗೆಲುವು, ಎರಡರಲ್ಲೂ ಒಂದು ಬಿದ್ದರೆ ಎಂಥ ಸುಲಭದ್ದೂ ಸೋಲು. ಉಡುಪಿಗೂ ಅಂಕವಿದೆ. ಒಂದು ಕೋಟು ಒಂದು ಕೌಶಲ ಏರಿಸಿ ಇನ್ನೊಂದನ್ನು ಇಳಿಸುತ್ತದೆ, ದಾಳ ಉರುಳಿಸುವ ಮುಂಚೆ ಬಟ್ಟೆ ಬದಲಿಸಿ ನೋಡಿ. ದುಡ್ಡಿಗೆ ತತ್ವಾರವಾದರೆ ಪ್ಲಾಸ್ಟಿಕ್ ಚೀಲ ಹಿಡಿದು ಬೀದಿಯ ಖಾಲಿ ಬಾಟಲಿ ಹೆಕ್ಕಿ ಅಂಗಡಿಗೆ ಕೊಡಬಹುದು. ಕೊಲೆ ತನಿಖೆಗೆ ಬಂದ ಪೊಲೀಸ್ ಅಧಿಕಾರಿ ಗುಜರಿ ಹೆಕ್ಕುತ್ತಿದ್ದರೆ ಪಕ್ಕದಲ್ಲಿ ಕಿಮ್ ಮುಖ ನೋಡಬೇಕು!

ಕೊರತೆ ಇಲ್ಲದ್ದೇನಲ್ಲ. ಇಂಗ್ಲಿಷ್ ಕಠಿಣ. ಕೆಲವು ವಾಕ್ಯ ಮೂರು ಸಲ ಓದಿದರೂ ಅರ್ಧವೇ ಸಿಗುವುದು. ಬಂದರು ಕಾರ್ಮಿಕರ ಮುಷ್ಕರ, ಯೂನಿಯನ್, ಹಿಂದೆ ಸೋತುಹೋದ ಕ್ರಾಂತಿ ಅಂತ ರಾಜಕೀಯ ಚರ್ಚೆ ಕೆಲವೆಡೆ ಪಾಠದಷ್ಟು ಉದ್ದ. ಚಿಕ್ಕಪ್ಪ ಅಲ್ಲಿ ತೂಕಡಿಸಿದ್ದೂ ಇದೆ. ಕುಡಿತ, ಮಾದಕ ವಸ್ತು, ಹೊಲಸು ಬೈಗುಳ ಧಾರಾಳವಾಗಿವೆ, ಮಕ್ಕಳೆದುರು ತೆರೆಯುವಂಥದ್ದಲ್ಲ. ಇನ್ನೊಂದು ಬೇಸರದ ಸಂಗತಿ: ಇದನ್ನು ಬರೆದು ಮುನ್ನಡೆಸಿದ ರಾಬರ್ಟ್ ಕುರ್ವಿಟ್ಸ್, ಚಿತ್ರಕಲೆ ನೋಡಿಕೊಂಡ ಅಲೆಕ್ಸಾಂಡರ್ ರೊಸ್ಟೋವ್ ಇಬ್ಬರೂ 2021ರ ಕೊನೆಯ ಹೊತ್ತಿಗೆ ಆ ಸ್ಟುಡಿಯೋದಿಂದ ಹೊರಗಾದರು. ಅದೇ ಕೈಗಳಿಂದ ಇದರ ಮುಂದಿನ ಭಾಗ ಬರುತ್ತದೆಂಬ ಆಸೆ ನನಗಿಲ್ಲ.

24ರಲ್ಲಿ ನಾನು ಕೊನೆಗೆ ಅಂಕ ಸುರಿದದ್ದು ಶಿವರ್ಸ್ ಎಂಬುದಕ್ಕೆ. ಅದು ತನಿಖೆಗೆ ನೇರ ಉಪಯೋಗಕ್ಕೆ ಬರುವುದು ಕಡಿಮೆ. ಪತ್ತೇದಾರನ ಮೈ ಜುಂ ಎಂದಾಗ ಇಡೀ ನಗರವೇ ಅವನೊಡನೆ ಮಾತಾಡುತ್ತದೆ. ಗಾಳಿ ಯಾವ ಮಾಡಿನ ಮೇಲಿಂದ ಬಂತು, ದೂರದ ಬೀದಿಯಲ್ಲಿ ಈಗ ಯಾರು ನಡೆಯುತ್ತಿದ್ದಾರೆ ಅಂತ ಹೇಳುತ್ತಾ ಹೋಗುತ್ತದೆ. ಇದರಿಂದ ಏನು ಲಾಭ ಎಂದು ಕೇಳುವ ಗೇಮರ್ ನಾನಾಗಿದ್ದೆ. ಕೊನೆಕೊನೆಗೆ ಆ ಸಾಲುಗಳಿಗಾಗಿಯೇ ಮಳೆ ಬೀಳುವ ಬೀದಿಗೆ ಹೋಗಿ ನಿಲ್ಲುತ್ತಿದ್ದೆ.

ಮುಗಿದ ಮೇಲೆ ದಿನದ ಮಿಷನ್ನಿನ ಆ ಮೊಬೈಲ್ ಗೇಮ್ ಅಳಿಸಿದೆ. ಸೇಲ್‌ನಲ್ಲಿ ಕೊಂಡು ತೆರೆಯದೆ ಬಿಟ್ಟಿದ್ದ ಗೇಮ್‌ಗಳ ಪಟ್ಟಿಯನ್ನೂ ಮೊದಲ ಬಾರಿಗೆ ಆಸೆಯಿಂದ ನೋಡಿದೆ. ಸದ್ಯಕ್ಕೆ ಹಿಡಿದಿರುವುದು ಪ್ಲೇನ್‌ಸ್ಕೇಪ್: ಟಾರ್ಮೆಂಟ್. 1999ರದ್ದು, ಅದರಲ್ಲೂ ನೆನಪು ಕಳೆದುಕೊಂಡ ನಾಯಕನೇ, ಹೆಣಗಳ ನಡುವೆ ಏಳುತ್ತಾನೆ. ಡಿಸ್ಕೊ ಎಲಿಸಿಯಮ್‌ಗೆ ಇದು ಅಜ್ಜನ ಸ್ಥಾನದಲ್ಲಿದೆ ಅನ್ನಬಹುದು. ಹಳೇ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡುತ್ತದೆ. ಲೇರಿಯನ್ ಸ್ಟುಡಿಯೋದವರ 2023ರ ಬಾಲ್ಡರ್ಸ್ ಗೇಟ್ 3 ಕೂಡ ಕಣ್ಣಲ್ಲಿದೆ, ಅದು 150 ಜಿಬಿ ಜಾಗ ಕೇಳುತ್ತದೆ. ಕೊನೆಕೊಯ್ಲು ಮುಗಿದು ದರ ಚೆನ್ನಾಗಿ ನಿಂತರೆ ಹೊಸ ಲ್ಯಾಪ್‌ಟಾಪಿನ ಮಾತು ಮನೆಯಲ್ಲಿ ಎತ್ತಬೇಕು. ಚಿಕ್ಕಪ್ಪನ ವೋಟು ನನ್ನ ಕಡೆಗಿದೆ.