ಮಗಳಿಗೆ ಟೀ-ಬಾಲ್ ಲೀಗ್ ಹುಡುಕಿದ ಕಥೆ

ನಾನು ಬೆಳೆದಿದ್ದು ಕ್ರಿಕೆಟ್ ಆಡಿಕೊಂಡು. ಅಮೆರಿಕಕ್ಕೆ ಬಂದು ಎಂಟು ವರ್ಷವಾದರೂ ಬೇಸ್‌ಬಾಲ್ ನನ್ನ ತಲೆಗೆ ಹತ್ತಿರಲಿಲ್ಲ. ಕಿಂಡರ್‌ಗಾರ್ಟನ್‌ಗೆ ಹೋಗುತ್ತಿದ್ದ ಮಗಳು ಒಂದು ದಿನ ಬಂದು, "ಅಪ್ಪಾ, ಶನಿವಾರ ಎಲ್ಲರೂ ಬೇಸ್‌ಬಾಲ್‌ಗೆ ಹೋಗ್ತಾರೆ, ನಾನೂ ಹೋಗ್ಲಾ?" ಅಂದಳು. ಅವಳ ವಯಸ್ಸಿನವರು ಆಡುವುದು ಟೀ-ಬಾಲ್, ಅಂದರೆ 'ಟೀ' ಅನ್ನುವ ಕಂಬದ ಮೇಲಿಟ್ಟ ಚೆಂಡನ್ನು ಹೊಡೆಯುವ ಚಿಕ್ಕ ಮಕ್ಕಳ ಬೇಸ್‌ಬಾಲ್. ಅಷ್ಟರಲ್ಲಿ ಏಪ್ರಿಲ್ ಬಂದಿತ್ತು.

ಹತ್ತಿರದ ಲೀಗ್‌ಗೆ ಫೋನ್ ಮಾಡಿದೆ. ರಿಜಿಸ್ಟ್ರೇಷನ್ ಮುಗಿದು ಎರಡು ತಿಂಗಳಾಗಿದೆ ಅಂದರು. ಆಗ ಬೇಜಾರಾಯಿತು, ಆಮೇಲೆ ಕಾರಣ ತಿಳಿಯಿತು. ಮಕ್ಕಳ ಲೀಗ್ ನಡೆಸುವವರು ಬಹುಪಾಲು ಅಪ್ಪ ಅಮ್ಮಂದಿರೇ, ಸಂಬಳವಿಲ್ಲದೆ. ಚಳಿಗಾಲದಲ್ಲೇ ಹೆಸರು ಬರೆಸಿಕೊಂಡರೆ ಮಾತ್ರ ಅವರು ತಂಡ ಕಟ್ಟಿ, ಜೆರ್ಸಿಗೆ ಆರ್ಡರ್ ಕೊಟ್ಟು, ಮೈದಾನದ ಸಮಯ ಹಂಚೋಕೆ ಆಗುವುದು. ವಸಂತದ ಸೀಸನ್ ಬೇಕು ಅಂದರೆ ಡಿಸೆಂಬರ್‌ನಿಂದಲೇ ಕಣ್ಣಿಟ್ಟಿರಿ. ಬೇಸಿಗೆ ಮುಗಿದ ಮೇಲೆ ನಡೆಯುವ 'ಫಾಲ್ ಬಾಲ್' ಕೂಡ ಹಲವು ಕಡೆ ಇರುತ್ತದೆ. ಸ್ಪರ್ಧೆ ಕಡಿಮೆ, ಹೊಸಬರಿಗೆ ಒಳ್ಳೆಯದು.

ಆ ಏಪ್ರಿಲ್ ತಪ್ಪಿದ್ದರಿಂದ ಒಂದು ಲಾಭವಾಯಿತು. ಸೀಸನ್ ಇನ್ನೂ ನಡೆಯುತ್ತಿತ್ತಲ್ಲ, ಪ್ರತಿ ಶನಿವಾರ ಮಗಳನ್ನು ಕರೆದುಕೊಂಡು ಹೋಗಿ ಸುಮ್ನೆ ಕೂತು ನೋಡಿದೆ.

ಮೊದಲ ಮೈದಾನದಲ್ಲಿ ಹದಿನಾಲ್ಕು ಮಕ್ಕಳು, ಒಂದೇ ಟೀ, ಉದ್ದ ಸಾಲು. ಒಬ್ಬ ಹುಡುಗನನ್ನೇ ಗಮನಿಸಿದೆ. ಒಂದು ಸಲ ಹೊಡೆದು ಮತ್ತೆ ಅವನ ಸರದಿ ಬರೋಕೆ ಹನ್ನೊಂದು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಅವನು ಮಣ್ಣಲ್ಲಿ ಗೆರೆ ಎಳೆಯುತ್ತಾ ಕೂತಿದ್ದ. ಎರಡನೇ ಮೈದಾನದಲ್ಲಿ ಕೋಚ್ ಮಕ್ಕಳನ್ನು ಮೂರು ನಾಲ್ಕು ಜನರ ಗುಂಪು ಮಾಡಿದ್ದರು. ಒಂದು ಗುಂಪು ಬಲೆಗೆ ಚೆಂಡು ಹೊಡೆಯುತ್ತಿತ್ತು, ಇನ್ನೊಂದು ಎಸೆಯೋದು ಕಲಿಯುತ್ತಿತ್ತು, ಮತ್ತೊಂದು ಬೇಸ್‌ನಿಂದ ಬೇಸ್‌ಗೆ (ಹೊಡೆದ ಮೇಲೆ ಓಡಿ ಮುಟ್ಟುವ ಜಾಗಗಳು) ಓಡುತ್ತಿತ್ತು. ಅಲ್ಲಿ ಒಬ್ಬಳು ಹುಡುಗಿ ಹನ್ನೊಂದು ನಿಮಿಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಬ್ಯಾಟ್ ಬೀಸಿದಳು. ಯಾವ ಲೀಗ್ ಅಂತ ನಾನು ನಿರ್ಧರಿಸಿದ್ದು ಅಲ್ಲೇ. ಲೀಗ್‌ನ ಹೆಸರು, ಗೆದ್ದ ಟ್ರೋಫಿ, ಮೈದಾನದ ಹುಲ್ಲು ಇವೆಲ್ಲ ಈ ವಯಸ್ಸಿಗೆ ಮುಖ್ಯವಲ್ಲ. ಒಂದು ಗಂಟೆಯಲ್ಲಿ ಮಗುವಿನ ಕೈಗೆ ಚೆಂಡು ಎಷ್ಟು ಸಲ ಸಿಗುತ್ತದೆ ಅನ್ನೋದನ್ನು ಎಣಿಸಿ.

ಆಯ್ಕೆಗಳು ಜಾಸ್ತಿ ಇವೆ. ಊರಿನ ಪಾರ್ಕ್ಸ್ ಅಂಡ್ ರಿಕ್ರಿಯೇಷನ್ ವಿಭಾಗ ನಡೆಸುವುದು ಸಾಮಾನ್ಯವಾಗಿ ಅಗ್ಗ, ಕೆಲವೇ ವಾರದ್ದು. ಕೆಲವು ಕಡೆ ವೈಎಂಸಿಎ ಕೂಡ ನಡೆಸುತ್ತದೆ. ಮಕ್ಕಳ ಬೇಸ್‌ಬಾಲ್ ಸಂಸ್ಥೆಗಳಲ್ಲಿ ಪೋನಿ ಇದೆ, ಬೇಬ್ ರೂತ್ ಲೀಗ್‌ನ ಕ್ಯಾಲ್ ರಿಪ್ಕನ್ ವಿಭಾಗವಿದೆ. ಎಲ್ಲರಿಗೂ ಗೊತ್ತಿರುವುದು ಲಿಟಲ್ ಲೀಗ್, 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಜ್ ಶುರು ಮಾಡಿದ್ದು. ಅಲ್ಲಿ ಹುಡುಗಿಯರಿಗೆ ಬಾಗಿಲು ತೆರೆದಿದ್ದು 1974ರಲ್ಲಿ. ಮಗಳ ಅಪ್ಪನಾಗಿ ಇದನ್ನು ಓದಿದಾಗ ನನಗೆ ಆಶ್ಚರ್ಯವೂ ಆಯಿತು, ಸಮಾಧಾನವೂ ಆಯಿತು.

ನಾನು ಮೆಚ್ಚಿದ ಎರಡನೇ ಮೈದಾನ ಲಿಟಲ್ ಲೀಗ್‌ದೇ. ಅಲ್ಲಿ ಮನಸ್ಸಿಗೆ ಬಂದ ಕಡೆ ಸೇರಿಸೋಕೆ ಆಗಲ್ಲ, ಗಡಿ ಇರುತ್ತದೆ. ಮನೆ ಅಥವಾ ಮಗುವಿನ ಶಾಲೆ ಆ ಗಡಿಯೊಳಗೆ ಇರಬೇಕು. ಅವರ ವೆಬ್‌ಸೈಟ್‌ನಲ್ಲಿ ವಿಳಾಸ ಹಾಕಿದರೆ ನಮ್ಮದು ಯಾವ ಲೀಗ್ ಅಂತ ತೋರಿಸುತ್ತದೆ. ಮನೆಯ ಲೆಕ್ಕದಲ್ಲಿ ನಾವು ಬೇರೆ ಲೀಗ್‌ಗೆ ಸೇರುತ್ತಿದ್ದೆವು, ಆದರೆ ಶಾಲೆಯ ಲೆಕ್ಕದಲ್ಲಿ ಇಲ್ಲಿಗೆ ಸಿಕ್ಕಿತು. ಜನನ ಪ್ರಮಾಣಪತ್ರ ಮತ್ತು ಶಾಲೆಯ ಪತ್ರ ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಂಡಿದ್ದು ಕೆಲಸಕ್ಕೆ ಬಂತು. ಶುಲ್ಕ ಕಟ್ಟೋಕೆ ಕಷ್ಟವಿದ್ದವರು ಹಿಂಜರಿಯಬೇಡಿ, ಕೇಳಿ. ಶುಲ್ಕ ಕೊಡದಿದ್ದರೆ ಆಡಿಸಲ್ಲ ಅನ್ನುವಂತಿಲ್ಲ ಅಂತ ಲಿಟಲ್ ಲೀಗ್‌ನ ನಿಯಮದಲ್ಲೇ ಇದೆ.

ವಯಸ್ಸಿನ ಲೆಕ್ಕದಲ್ಲಿ ನಾನು ಎಡವಿದೆ. ಲಿಟಲ್ ಲೀಗ್ ಬೇಸ್‌ಬಾಲ್‌ನಲ್ಲಿ 'ಲೀಗ್ ಏಜ್' ಅಂದರೆ ಆ ವರ್ಷದ ಆಗಸ್ಟ್ 31ಕ್ಕೆ ಮಗುವಿಗೆ ಎಷ್ಟು ತುಂಬಿರುತ್ತದೋ ಅಷ್ಟು. ಮಗಳು ಹುಟ್ಟಿದ್ದು ಜುಲೈನಲ್ಲಿ. ಹಾಗಾಗಿ ವಸಂತದಲ್ಲಿ ಅವಳಿಗೆ ಆರೇ ವರ್ಷವಿದ್ದರೂ ಲೀಗ್ ಲೆಕ್ಕದಲ್ಲಿ ಏಳು. ಟೀ-ಬಾಲ್‌ಗೆ ನಾಲ್ಕರಿಂದ ಏಳು ಅಂತ ಇರುವುದರಿಂದ ತೊಂದರೆಯಾಗಲಿಲ್ಲ. ಅಲ್ಲಿ ಬೌಲಿಂಗ್ ಮಾಡುವವರೇ ಇಲ್ಲ. ರಬ್ಬರ್ ಕಂಬದ ಮೇಲೆ ಚೆಂಡು ಇಡುತ್ತಾರೆ, ಮಗು ಹೊಡೆಯುತ್ತದೆ, ಓಡುತ್ತದೆ. ಹೆಚ್ಚಿನ ಕಡೆ ಸ್ಕೋರ್ ಬರೆಯಲ್ಲ. ಏಳು ವರ್ಷ ಅಂತ ಕೋಚ್ ಚೆಂಡು ಹಾಕುವ ಮೇಲಿನ ಹಂತಕ್ಕೆ ಕಳಿಸಿ ಅಂತ ಕೆಲವರು ಹೇಳಿದರು. ನಾನು ಕೇಳಲಿಲ್ಲ. ಹೊಸದಾಗಿ ಕಲಿಯುವ ಮಗುವಿಗೆ ಮೊದಲು ಚೆಂಡಿಗೆ ಬ್ಯಾಟ್ ತಾಗಿದ ಖುಷಿ ಸಿಗಬೇಕು ಅಲ್ವಾ?

ಒಂದು ಖಾಸಗಿ ಅಕಾಡೆಮಿಯವರು ಆರು ವರ್ಷದವರಿಗೂ ಟ್ರೈಔಟ್ (ಆಯ್ಕೆ ಪರೀಕ್ಷೆ) ಇಟ್ಟು, ಇಡೀ ವರ್ಷದ ದುಡ್ಡು ಮುಂಗಡ ಕೇಳಿದರು. ಬೇಡ ಅಂದೆ.

ಸಾಮಾನು ಕೊಳ್ಳುವಾಗ ಗ್ಲೌಸ್ ಬಗ್ಗೆ ಎಚ್ಚರ. ಮಗಳು ಬಲಗೈಯಲ್ಲಿ ಎಸೆಯುತ್ತಾಳೆ. ನಾನು ಬಲಗೈಗೆ ಹಾಕುವ ಗ್ಲೌಸ್ ತಂದುಬಿಟ್ಟೆ. ಬಲಗೈಯಲ್ಲಿ ಎಸೆಯುವವರು ಗ್ಲೌಸ್ ಹಾಕುವುದು ಎಡಗೈಗೆ. ಅಂಗಡಿಯಲ್ಲಿ ಗ್ಲೌಸ್ ಮೇಲೆ ಬರೆದಿರುವುದು ಎಸೆಯುವ ಕೈ, ಹಾಕುವ ಕೈಯಲ್ಲ. ಬದಲಿಸಿಕೊಂಡು ಬಂದೆ. ಇನ್ನೊಂದು, ಮಗು ತಾನೇ ಗ್ಲೌಸ್ ಮಡಚೋಕೆ ಆಗುತ್ತಾ ಅಂತ ಅಂಗಡಿಯಲ್ಲೇ ನೋಡಿ. ಗಟ್ಟಿ ಚರ್ಮದ್ದು ಆದರೆ ಚೆಂಡು ಒಳಗೆ ಬಂದು ಹಾಗೇ ಉರುಳಿ ಹೋಗುತ್ತದೆ. ಈ ವಯಸ್ಸಿಗೆ ಒಂಬತ್ತು, ಹತ್ತು ಇಂಚಿನದು ಸಾಕು. ಮರದ್ದಲ್ಲದ ಬ್ಯಾಟ್ ಆದರೆ ಅದರ ಮೇಲೆ ಯುಎಸ್ಎ ಬೇಸ್‌ಬಾಲ್ ಗುರುತು ಇದೆಯಾ ನೋಡಿ, ಲಿಟಲ್ ಲೀಗ್‌ನಲ್ಲಿ 2018ರಿಂದ ಅದು ಬೇಕು. ಹಳೆಯ ಬ್ಯಾಟ್ ಯಾರಾದರೂ ಕೊಟ್ಟರೆ ಮೊದಲು ಅದನ್ನೇ ಹುಡುಕಿ. ಹೆಲ್ಮೆಟ್ ಎಷ್ಟೋ ಲೀಗ್‌ಗಳು ತಾವೇ ಕೊಡುತ್ತವೆ, ಕೇಳಿಕೊಂಡು ತಗೊಳ್ಳಿ.

ಫಾಲ್ ಸೀಸನ್‌ನ ಮೊದಲ ಶನಿವಾರ ಮಗಳು ಚೆನ್ನಾಗಿ ಹೊಡೆದಳು, ಹೊಡೆದು ಬ್ಯಾಟ್ ಹಿಡಿದುಕೊಂಡೇ ಓಡಿದಳು. ಮನೆಯಲ್ಲಿ ನನ್ನ ಜೊತೆ ಕ್ರಿಕೆಟ್ ಆಡಿ ಬಂದ ಅಭ್ಯಾಸ. ಫಸ್ಟ್ ಬೇಸ್ ಹತ್ತಿರ ಇನ್ನೊಂದು ಮಗು ನಿಂತಿತ್ತು, ನನ್ನ ಎದೆ ಧಸಕ್ ಅಂತು. ಕೋಚ್ ಗದರಲಿಲ್ಲ. ಬ್ಯಾಟ್ ಬಿಟ್ಟು ಓಡಬೇಕು, ಆದರೆ ಬಿಸಾಡಬಾರದು ಅಂತ ಕೂತು ತೋರಿಸಿದರು. ಮನೆಗೆ ಬಂದು ಟೀ ಪಕ್ಕದಲ್ಲಿ ಒಂದು ಬಕೆಟ್ ಇಟ್ಟೆ. ಹೊಡಿ, ಬ್ಯಾಟ್ ಬಕೆಟ್‌ಗೆ ಹಾಕು, ಓಡು. ದಿನಕ್ಕೆ ಹತ್ತು ಸಲ. ಎರಡು ವಾರದಲ್ಲಿ ಸರಿಹೋಯಿತು. ಚೆಂಡು ಹಿಡಿಯೋಕೆ ಕೋಚ್ ಕಲಿಸಿದ್ದು ಮೊಸಳೆ ಬಾಯಿ: ಗ್ಲೌಸ್ ನೆಲಕ್ಕೆ ತಾಗಿರಬೇಕು, ಇನ್ನೊಂದು ಕೈ ಮೇಲಿನಿಂದ ಮುಚ್ಚಬೇಕು. ಈಗ ಮನೆಯಲ್ಲಿ ಉರುಳುವ ವಸ್ತು ಏನೇ ಇದ್ದರೂ ಮೊಸಳೆ ಬಾಯಿಗೆ ಹೋಗುತ್ತದೆ.

ಈ ಜನವರಿಯಲ್ಲಿ ವಸಂತದ ಫಾರ್ಮ್ ತುಂಬಿದೆ. ಕೊನೆಯಲ್ಲಿ, ಕೋಚ್‌ಗೆ ಸಹಾಯ ಮಾಡ್ತೀರಾ ಅಂತ ಒಂದು ಪ್ರಶ್ನೆ ಇತ್ತು. ಬೇಸ್‌ಬಾಲ್ ಆಡಿದವರೇ ಆಗಬೇಕಿಲ್ಲ ಅಂತ ಲೀಗ್‌ನವರು ಹೇಳಿದರು. ಹಿನ್ನೆಲೆ ಪರಿಶೀಲನೆಗೆ ಒಪ್ಪಿ ವಿವರ ಕೊಡಬೇಕು, ಮಕ್ಕಳ ಸುರಕ್ಷತೆಯ ತರಬೇತಿ ಮುಗಿಸಬೇಕು, ಅಷ್ಟೇ. ಎರಡೂ ಮಾಡಿದ್ದೇನೆ. ಬಕೆಟ್ ಕೂಡ ತಗೊಂಡು ಹೋಗ್ತೀನಿ.