ನಾನು ಹಿಡಿಯುವವಳು, ಮಗಳು ಓಡುವವಳು

ಸೇಡಂ ತಾಲೂಕಿನ ಒಂದು ಸರ್ಕಾರಿ ಶಾಲೆಯ ಬಯಲಲ್ಲಿ ನಾನು ಖೋ-ಖೋ ಕಲಿತೆ. ಬ್ಯಾಟು ಬೇಡ, ಬಾಲು ಬೇಡ, ಕಾಲಿಗೆ ಬೂಟೂ ಬೇಡ. ಎರಡು ಕಂಬ, ಸುಣ್ಣದ ಗೆರೆ, ಒಂದಿಷ್ಟು ಹುಡುಗಿಯರು ಇದ್ದರೆ ಆಯಿತು. ಆವತ್ತಿನಿಂದ ಈ ಆಟ ನನ್ನನ್ನು ಬಿಟ್ಟಿಲ್ಲ. ಈಗ ಕಲಬುರಗಿಯಲ್ಲಿ ಮನೆ, ಕೆಲಸ, ಏಳನೇ ತರಗತಿ ಓದುವ ಮಗಳು. ಆಕೆಗೂ ಖೋ-ಖೋ ರುಚಿ ಹತ್ತಬೇಕು ಅಂತ ನನಗೆ ತುಂಬಾ ಆಸೆ ಇತ್ತು. ಹೇಗೆ ಹತ್ತಿಸಿದೆ ಅಂತ ಬರೆಯುತ್ತಿದ್ದೇನೆ. ಇಂಥದೇ ಆಸೆ ಇರುವ ತಂದೆ-ತಾಯಿ ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ.

ಮೊದಲು ಜಾಗ ನೋಡಿಕೊಳ್ಳಬೇಕು. ನಮ್ಮದು ಎರಿ ಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಯಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಓಡುತ್ತಾ ತಟ್ಟನೆ ಹೊರಳುವ ಆಟಕ್ಕೆ ಅದು ಆಗಿಬರುವುದಿಲ್ಲ. ನಮ್ಮ ಬಡಾವಣೆಯಲ್ಲಿ ಮುರುಮು ಹಾಕಿದ ಒಂದು ಖಾಲಿ ಸೈಟು ಇದೆ. ಮಾಲೀಕರನ್ನು ಕೇಳಿ, ಓಣಿಯ ಮಕ್ಕಳನ್ನು ಸೇರಿಸಿಕೊಂಡು ಕಲ್ಲು, ಗಾಜಿನ ಚೂರು ಎಲ್ಲಾ ಆರಿಸಿದೆವು. ದೊಡ್ಡವರ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ನಮಗೆ ಅಷ್ಟು ಜಾಗ ಇಲ್ಲ, ಬೇಕಾಗಿಯೂ ಇಲ್ಲ. ಮಕ್ಕಳ ಹೆಜ್ಜೆಗೆ ತಕ್ಕಂತೆ ಚಿಕ್ಕದಾಗಿ ಗೆರೆ ಎಳೆದೆವು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಸಂಜೆಗೂ ನೆಲ ಕಾದೇ ಇರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬೆಳಗಿನ ಜಾವವೇ ಆಟ.

ನಿಯಮ ಎಲ್ಲಾ ಒಮ್ಮೆಗೇ ಹೇಳಲಿಲ್ಲ. ಸುಮ್ನೆ ಮುಟ್ಟಾಟದಿಂದ ಶುರು ಮಾಡಿದೆವು. ಆಮೇಲೆ ಒಂದೇ ಒಂದು ಕಟ್ಟು ಹಾಕಿದೆ: ಹಿಡಿಯುವವಳು ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವ ತನಕ ಹಿಂದಕ್ಕೆ ತಿರುಗುವಂತಿಲ್ಲ. ಅದು ರೂಢಿಯಾದ ಮೇಲೆ ಇನ್ನೊಂದು: ನಡುವಿನ ಗೆರೆ ದಾಟುವಂತಿಲ್ಲ. ಓಡುವವಳಿಗೆ ಮಾತ್ರ ಈ ಯಾವ ಕಟ್ಟೂ ಇಲ್ಲ. ಕೂತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಹಿಡಿಯುವವಳ ಕಾಲು ಹೀಗೆ ಕಟ್ಟಿರುವುದರಿಂದಲೇ ಆಕೆ ಇನ್ನೊಬ್ಬಳ ಬೆನ್ನು ಮುಟ್ಟಿ 'ಖೋ' ಅನ್ನಬೇಕಾಗುತ್ತದೆ. ನನಗೆ ಈ ಆಟದ ಜೀವವೇ ಅದು. ಒಬ್ಬಳಿಂದ ಆಗದ್ದನ್ನು ಇನ್ನೊಬ್ಬಳ ಕೈಗೆ ಕೊಡುವುದು.

ಅದಕ್ಕೇ ನಾನು ಮಕ್ಕಳಿಗೆ ಕೂರುವುದನ್ನು ಜಾಸ್ತಿ ಕಲಿಸಿದೆ. ಹಿಡಿಯುವ ತಂಡದ ಎಂಟು ಜನ ಸಾಲಾಗಿ ಕೂರುತ್ತಾರೆ. ಒಬ್ಬಳ ಮುಖ ಈ ಕಡೆ, ಪಕ್ಕದವಳ ಮುಖ ಆ ಕಡೆ. ನೋಡುವವರಿಗೆ ಅವರು ಕಾಯುತ್ತಿದ್ದಾರೆ ಅನಿಸಬಹುದು. ಕಾಯುವುದಲ್ಲ ಅದು. ಹಿಮ್ಮಡಿ ನೆಲಕ್ಕೆ ತಾಗಬಾರದು, ಭಾರ ಎಲ್ಲಾ ಪಾದದ ಮುಂಭಾಗದ ಮೇಲೆ ಇರಬೇಕು. ಬೆರಳ ತುದಿ ನೆಲ ಮುಟ್ಟಿರಬೇಕು. ಕತ್ತು ಮಾತ್ರ ಓಡುವವಳ ಜೊತೆ ಹೊರಳುತ್ತಿರಬೇಕು. ಎರಡೂ ಪಾದ ಜೋಡಿಸಿ ಕೂರುವುದು ಒಂದು ಬಗೆ. ರೇಸಿಗೆ ನಿಂತವರ ಹಾಗೆ ಒಂದು ಕಾಲು ಹಿಂದಿಟ್ಟು ಕೂರುವುದು ಇನ್ನೊಂದು, ಅದಕ್ಕೆ ಬುಲೆಟ್ ಅಂತಾರೆ. ಖೋ ಕಿವಿಗೆ ಬೀಳುವ ಮೊದಲೇ ಎದ್ದರೆ ಫೌಲ್. ಬಿದ್ದ ಮೇಲೆ ಅರೆಕ್ಷಣ ತಡವಾದರೂ ಓಡುವವಳು ಆ ಕಡೆ ದಾಟಿರುತ್ತಾಳೆ.

ಇಷ್ಟೆಲ್ಲಾ ಮನಸ್ಸಿಟ್ಟು ಹೇಳಿಕೊಟ್ಟ ಮೇಲೆ ಮಗಳು ಒಂದು ದಿನ ನೇರವಾಗಿ ಹೇಳಿದಳು: "ಅವ್ವಾ, ನಂಗ ಕೂಡೋದು ಸೇರಲ್ಲ. ಓಡೋದ ಬೇಕು."

"ಹಂಗಾದ್ರ ಓಡು," ಅಂದೆ.

ಈ ಅನುಭವದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಆಟ ಒಂದೇ ಆದರೂ ನಾನು ಪ್ರೀತಿಸಿದ್ದು ಅದರ ಒಂದು ಮಗ್ಗಲು, ಆಕೆ ಪ್ರೀತಿಸಿದ್ದು ಇನ್ನೊಂದು. ಆಕೆಯನ್ನು ನನ್ನ ಕಡೆ ಎಳೆಯಲು ಹೋಗಲಿಲ್ಲ. ನಾನೇ ಎದ್ದು ಆಕೆಯ ಬೆನ್ನು ಹತ್ತಿದೆ. ಹಿಡಿಯುವವಳ ಕಣ್ಣು ಎಲ್ಲಿರುತ್ತದೆ ಅಂತ ನನಗೆ ಗೊತ್ತಲ್ವಾ, ಅದನ್ನೇ ಆಕೆಗೆ ಕೊಟ್ಟೆ. "ನನ್ನ ಕೈ ನೋಡಬ್ಯಾಡ, ಮಾರಿ ನೋಡಬ್ಯಾಡ, ಸೊಂಟ ನೋಡು. ಕೈಯಿಂದ ಮೋಸ ಮಾಡಬಹುದು, ಸೊಂಟದಿಂದ ಆಗಲ್ಲ." ಆಮೇಲೆ ಸಿಂಗಲ್ ಚೈನ್ ಅಭ್ಯಾಸ. ಕೂತವರ ಸಾಲನ್ನು ಮಲ್ಲಿಗೆ ಮಾಲೆ ಕಟ್ಟುವ ದಾರದ ಹಾಗೆ ಈ ಪಕ್ಕ, ಆ ಪಕ್ಕ ಸುತ್ತುತ್ತಾ ಹೋಗುವುದು. ಶುರುವಿನಲ್ಲಿ ನಡಿಗೆಯಲ್ಲೇ ಮಾಡಿಸಿದೆ. ಹೆಜ್ಜೆ ಕೂತ ಮೇಲೆ ವೇಗ ತಾನಾಗೇ ಬಂತು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಇಬ್ಬರೂ ಟಿವಿ ಮುಂದೆ ಕೂತು ನೋಡಿದೆವು. ಭಾರತದ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಗೆದ್ದರು. ಗಂಡುಮಕ್ಕಳ ತಂಡವೂ ಗೆದ್ದಿತು. ಆ ಹುಡುಗಿಯರ ತಂಡದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲೂಕಿನ ಬಿ. ಚೈತ್ರಾ ಇದ್ದರು. ಓಡುವವರ ಬ್ಯಾಚು, ಅಂದರೆ ಒಟ್ಟಿಗೆ ಅಂಕಣಕ್ಕೆ ಇಳಿಯುವ ಮೂವರು, ಗೊತ್ತಾದ ಸಮಯ ದಾಟಿ ಉಳಿದರೆ ಅವರಿಗೂ ಅಂಕ ಸಿಗುತ್ತದೆ, ಅದಕ್ಕೆ ಡ್ರೀಮ್ ರನ್ ಅಂತಾರೆ. ಫೈನಲ್‌ನ ಕೊನೆಯ ಪಾಳಿಯಲ್ಲಿ ಚೈತ್ರಾ ಇದ್ದ ಬ್ಯಾಚು 5 ನಿಮಿಷಕ್ಕೂ ಜಾಸ್ತಿ ಉಳಿಯಿತು. ನಮ್ಮ ಕಾಲದಲ್ಲಿ ಎಷ್ಟೇ ಚೆನ್ನಾಗಿ ಓಡಿದರೂ ಔಟಾಗದೆ ಉಳಿದೆವು ಅನ್ನುವುದಷ್ಟೇ ಸಮಾಧಾನ, ಅಂಕ ಎಲ್ಲಾ ಹಿಡಿಯುವವರಿಗೆ. ಮಗಳು ಸೋಫಾ ಬಿಟ್ಟು ಎದ್ದು ನಿಂತೇ ನೋಡಿದಳು. ಕರ್ನಾಟಕದ ಹುಡುಗಿ ಹಾಗೆ ಓಡುವುದನ್ನು ಕಂಡದ್ದು ನನ್ನ ಎಷ್ಟೋ ಮಾತಿಗಿಂತ ದೊಡ್ಡದು.

ಈಗ ಆಕೆ ಶಾಲೆಯ ತಂಡದಲ್ಲಿದ್ದಾಳೆ. ಅಲ್ಲಿ ಪಿ.ಟಿ. ಸರ್ ಹೇಳಿದ್ದೇ ಮಾತು. ಪಂದ್ಯದ ದಿನ ನಾನು ಗೆರೆಯ ಪಕ್ಕ ನಿಂತು ಕೂಗುವುದಿಲ್ಲ. ಮೇಲೆ ಕೂತು ನೋಡುತ್ತೇನೆ. ಮಗುವಿಗೆ ಎರಡು ಕಡೆಯಿಂದ ಎರಡು ಮಾತು ಕೇಳಿಸಬಾರದು. ಸೋತು ಬಂದ ದಿನ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹಾಕಿಕೊಟ್ಟು ಸುಮ್ಮನಿರುತ್ತೇನೆ. ಆಟದ ಮಾತು ಆಕೆಯೇ ತೆಗೆದರೆ ಮಾತ್ರ.

ಓಣಿಯ ಆಟ ಬೇರೆ, ಅದು ನಮ್ಮಿಬ್ಬರದು. ಸದ್ಯಕ್ಕೆ ಆಕೆಗೆ ತೊಡಕಾಗಿರುವುದು ಕಂಬದ ಹತ್ತಿರ. ಹಿಡಿಯುವವರು ಒಂದು ಕೈಯಿಂದ ಕಂಬ ಹಿಡಿದು ಮೈಚಾಚಿ ಪೋಲ್ ಡೈವ್ ಹೊಡೆದರೆ ತಪ್ಪಿಸಿಕೊಳ್ಳಲು ಬರುತ್ತಿಲ್ಲ, ಬೇಗ ಹೊರಳಿಬಿಡುತ್ತಾಳೆ. ನನಗೆ ಈ ವಯಸ್ಸಿನಲ್ಲಿ ಡೈವ್ ಆಗುವುದಿಲ್ಲ. ಅದಕ್ಕೆ ಮೇಲಿನ ಓಣಿಯಲ್ಲಿ ಕಾಲೇಜಿಗೆ ಹೋಗುವ, ಚೆನ್ನಾಗಿ ಡೈವ್ ಹೊಡೆಯುವ ಹುಡುಗಿಯೊಬ್ಬಳನ್ನು ಭಾನುವಾರದಿಂದ ಬರಲು ಕೇಳಿದ್ದೇನೆ. ಕಂಬದ ಸುತ್ತ ಒಂದು ಟ್ರಿಪ್ ಮರಳು ಹಾಕಿಸಬೇಕು.